ಹಡಗು ಕಾಣುತ್ತದೆ, ಬಾವಿ ಕಾಣುವುದಿಲ್ಲ
(ಸಮುದ್ರದಡಿಯ ಅನಿಲ ಮತ್ತು ಸಣ್ಣ ಹೂಡಿಕೆದಾರರ ಕಥೆ)

ಕೊಡಗಿಗೆ ಸಮುದ್ರವಿಲ್ಲ. ಆದರೂ ನಮ್ಮ ಜಿಲ್ಲೆಯ ಬದುಕು ಸಮುದ್ರವನ್ನು ನಂಬಿಯೇ ನಡೆದು ಬಂದಿದೆ. ನಮ್ಮ ತೋಟದ ಕಾಫಿ ಹಡಗು ಹತ್ತಿ ಹೋಗುತ್ತದೆ. ನಮ್ಮ ಮಕ್ಕಳು ಸಮುದ್ರ ದಾಟಿ ಕತಾರ್, ದುಬೈ, ಸೌದಿಗಳಲ್ಲಿ ದುಡಿಯುತ್ತಾರೆ. ಅವರು ಕಳಿಸಿದ ಹಣ, ತೋಟದ ಕರಿಮೆಣಸಿನ ಹಣ ಇವೆರಡರಲ್ಲಿ ಉಳಿದದ್ದನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಇದೆ. ಬಡ್ಡಿ ಬೇಡವೆಂದು ಬ್ಯಾಂಕಿನ ಠೇವಣಿಯಿಂದ ದೂರ ನಿಂತ ಮನೆಗಳಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು.

ಕೆಲವು ವರ್ಷಗಳ ಹಿಂದೆ ನನ್ನ ಚಾಚಾ ಒಂದು ವರ್ಷದ ಮೆಣಸಿನ ಹಣವನ್ನು ಸಮುದ್ರದಲ್ಲಿ ಅನಿಲ ತೆಗೆಯುವ ಕಂಪನಿಯೊಂದರ ಷೇರಿಗೆ ಹಾಕಿದರು. ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ಸಂಜೆ ಮೊಬೈಲು ಹಿಡಿದು ನನ್ನ ಬಳಿ ಬಂದರು. ನೀಲಿ ಪರದೆಯ ಮೇಲೆ ಹಡಗುಗಳ ಪುಟ್ಟ ಗುರುತುಗಳು. "ನೋಡು ಬೇಟಾ, ಬಾವಿ ಕೊರೆಯುವ ಹಡಗು ಬಂದು ನಿಂತಾಯಿತು. ಇನ್ನೇನು ಗ್ಯಾಸ್ ಬಂದೇ ಬಿಡುತ್ತದೆ" ಎಂದರು. ಹಡಗು ನಿಜವಾಗಿಯೂ ಅಲ್ಲಿತ್ತು. ಆದರೆ ಅನಿಲ ಅವರು ಎಣಿಸಿದ ಕಾಲಕ್ಕೆ ಬರಲಿಲ್ಲ. ಷೇರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. "ಹಡಗು ಸುಳ್ಳು ಹೇಳಿತೇ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರ ಹುಡುಕುತ್ತಾ ಓದಿದ ಚರಿತ್ರೆಯನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಕಾಫಿ ಅಂಗಡಿಯಿಂದ ಆರಂಭ

ಹಡಗಿನ ಸುದ್ದಿ ನೋಡಿ ಹಣ ಹೂಡುವುದು ಹೊಸ ವಿದ್ಯೆಯಲ್ಲ. 17ನೇ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬುವರ ಕಾಫಿ ಅಂಗಡಿಯಿತ್ತು. ಹಡಗಿನ ಮಾಲೀಕರು, ಕಪ್ತಾನರು, ವರ್ತಕರು ಅಲ್ಲಿ ಕಾಫಿ ಕುಡಿಯುತ್ತಾ ಯಾವ ಹಡಗು ಎಲ್ಲಿದೆ, ಯಾವುದು ಮುಳುಗಿತು ಎಂದು ಮಾತಾಡುತ್ತಿದ್ದರು. 1696ರಲ್ಲಿ ಲಾಯ್ಡ್ ಈ ಸುದ್ದಿಗಳ ಪತ್ರಿಕೆಯನ್ನೇ ಹೊರಡಿಸಿದರು. 1734ರಿಂದ 'ಲಾಯ್ಡ್ಸ್ ಲಿಸ್ಟ್' ಬರತೊಡಗಿತು. ಆ ಅಂಗಡಿಯಿಂದಲೇ ಜಗತ್ತಿನ ದೊಡ್ಡ ವಿಮಾ ಮಾರುಕಟ್ಟೆ ಬೆಳೆಯಿತು.

ನಮ್ಮ ಕೊಡಗಿನ ಕಾಫಿಯ ಚರಿತ್ರೆಯಲ್ಲೂ ಇಂಥ ಒಂದು ಪಾಠವಿದೆ. 1870ರಲ್ಲಿ ಪ್ರಕಟವಾದ ರೆವರೆಂಡ್ ಜಿ. ರಿಕ್ಟರ್ ಅವರ ಕೊಡಗಿನ ಕೈಪಿಡಿ ಹೇಳುವ ಪ್ರಕಾರ, ರಾಜರ ಕಾಲದಲ್ಲಿ ನಾಲ್ಕುನಾಡಿನ ಬಳಿ ಭೂಮಿ ಪಡೆದ ಮಾಪಿಳ್ಳೆಗಳು ಮೋಖಾದಿಂದ ಬಂದ ಬೀಜದಿಂದ ಇಲ್ಲಿ ಕಾಫಿ ಬೆಳೆದರು. ಆದರೆ ಬೆಳೆಯುವ ಬಗೆಯನ್ನು ಗುಟ್ಟಾಗಿಟ್ಟರಂತೆ. ಗಿಡ ಎಲ್ಲರ ಕಣ್ಣಿಗೂ ಬಿದ್ದಿತ್ತು, ಅದರ ಲಾಭದ ತಿಳಿವಳಿಕೆ ಮಾತ್ರ ಕೆಲವರಲ್ಲಿತ್ತು. ಕಣ್ಣಿಗೆ ಕಾಣುವುದು ಬೇರೆ, ತಿಳಿಯುವುದು ಬೇರೆ. ಸಮುದ್ರದ ಅನಿಲದ ಕಥೆಯೂ ಇದೇ.

ಸರ್ಕಾರದ ಸಮುದ್ರದಿಂದ ಷೇರುಪೇಟೆಗೆ

ಭಾರತದ ಸಮುದ್ರದಲ್ಲಿ ಮೊದಲ ದೊಡ್ಡ ಸಂಪತ್ತು ಸಿಕ್ಕಿದ್ದು 1974ರ ಫೆಬ್ರವರಿಯಲ್ಲಿ. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಜಪಾನಿನಲ್ಲಿ ಕಟ್ಟಿದ 'ಸಾಗರ್ ಸಮ್ರಾಟ್' ಎಂಬ ರಿಗ್ ಬಾಂಬೆ ಹೈ ತೈಲಕ್ಷೇತ್ರವನ್ನು ಕಂಡುಹಿಡಿಯಿತು. 1976ರಲ್ಲಿ ಅಲ್ಲಿಗೆ ಸಮೀಪದ ಬಸೀನ್‌ನಲ್ಲಿ ದೊಡ್ಡ ಅನಿಲ ಕ್ಷೇತ್ರ ಸಿಕ್ಕಿತು. ಆಗ ಇವೆಲ್ಲ ಸರ್ಕಾರದ ಆಸ್ತಿ. ಶಾಲೆಯ ಮಕ್ಕಳು ಸಾಗರ್ ಸಮ್ರಾಟದ ಚಿತ್ರವನ್ನು ಪುಸ್ತಕದಲ್ಲಿ ನೋಡಿ ಹೆಮ್ಮೆಪಟ್ಟರು, ಅಷ್ಟೇ. ಅದರಲ್ಲಿ ಪಾಲು ಕೊಳ್ಳುವ ಅವಕಾಶ ಸಾಮಾನ್ಯನಿಗೆ ಇರಲಿಲ್ಲ.

1991ರ ನಂತರ ಗಾಳಿ ತಿರುಗಿತು. ಹೊಸ ಪರಿಶೋಧನಾ ನೀತಿಯಡಿ ಸಮುದ್ರದ ಪ್ರದೇಶಗಳನ್ನು ಹರಾಜಿನಲ್ಲಿ ಖಾಸಗಿಯವರಿಗೂ ಕೊಡಲಾಯಿತು. 2000ದಲ್ಲಿ ಕೃಷ್ಣಾ–ಗೋದಾವರಿ ಕಡಲಿನ ಡಿ6 ಎಂಬ ಪ್ರದೇಶ ರಿಲಯನ್ಸ್ ಮತ್ತು ಕೆನಡಾದ ನಿಕೊ ಕಂಪನಿಗಳಿಗೆ ಸಿಕ್ಕಿತು. 2002ರಲ್ಲಿ ಅಲ್ಲಿ ಅನಿಲ ಸಿಕ್ಕಿದ ಸುದ್ದಿ ಬಂತು. 2004ರ ಮಾರ್ಚ್‌ನಲ್ಲಿ ಸರ್ಕಾರ ಒಎನ್‌ಜಿಸಿಯ ಶೇಕಡಾ 10ರಷ್ಟು ಷೇರನ್ನು ಮಾರಿ ಸುಮಾರು 10,500 ಕೋಟಿ ರೂಪಾಯಿ ಎತ್ತಿತು. ಅದೇ ತಿಂಗಳು ಅನಿಲ ಆಮದು ಮಾಡುವ ಪೆಟ್ರೋನೆಟ್ ಎಲ್‌ಎನ್‌ಜಿ ಕಂಪನಿಯ ಷೇರುಗಳು 15 ರೂಪಾಯಿಗೆ ಸಾರ್ವಜನಿಕರಿಗೆ ಸಿಕ್ಕವು. ಹೀಗೆ ಸಮುದ್ರದಡಿಯ ಅನಿಲ ಮೊದಲ ಬಾರಿಗೆ ಮಧ್ಯಮ ವರ್ಗದ ಮನೆಯ ಮಾತಾಯಿತು.

ಏರಿದ್ದು, ಇಳಿದದ್ದು

ಡಿ6ರಲ್ಲಿ 2009ರ ಏಪ್ರಿಲ್‌ನಲ್ಲಿ ಅನಿಲ ಹರಿಯಿತು. ಕಾಕಿನಾಡದಿಂದ ಗುಜರಾತಿನ ಭರೂಚ್‌ವರೆಗೆ ಸುಮಾರು 1,400 ಕಿಲೋಮೀಟರ್ ಉದ್ದದ ಕೊಳವೆ ನಮ್ಮ ರಾಜ್ಯದ ಉತ್ತರ ಭಾಗವನ್ನೂ ಹಾದು ಹೋಯಿತು. ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲ ತೆಗೆಯುವ ಯೋಜನೆ. 2010ರಲ್ಲಿ ಉತ್ಪಾದನೆ 6 ಕೋಟಿ ದಾಟಿತು. ಆಳ ಸಮುದ್ರದಲ್ಲಿ ಕೊರೆಯುವ ಹಡಗುಗಳು, ಪತ್ರಿಕೆಗಳಲ್ಲಿ ದೊಡ್ಡ ಚಿತ್ರಗಳು, ಎಲ್ಲೆಲ್ಲೂ ಭರವಸೆ. ಆದರೆ ಅಲ್ಲಿಂದಲೇ ಇಳಿಕೆ ಆರಂಭವಾಯಿತು. 2013ರ ಹೊತ್ತಿಗೆ ದಿನದ ಉತ್ಪಾದನೆ ಒಂದೂವರೆ ಕೋಟಿ ಘನ ಮೀಟರ್ ಆಸುಪಾಸಿಗೆ ಬಂದಿತ್ತು. ಬಾವಿಗಳಿಗೆ ನೀರು, ಮರಳು ನುಗ್ಗಿದೆ, ಭೂಗರ್ಭ ಎಣಿಸಿದಂತಿಲ್ಲ ಎಂದು ಕಂಪನಿ ಹೇಳಿತು. ಒಪ್ಪಿದಷ್ಟು ಬಾವಿ ಕೊರೆದಿಲ್ಲ ಎಂದು ಸರ್ಕಾರ ಹೇಳಿತು. ವಿವಾದ ಪಂಚಾಯ್ತಿಗೆ ಹೋಯಿತು. ಮೊದಲ ಎರಡು ಕ್ಷೇತ್ರಗಳ ಉತ್ಪಾದನೆ 2020ರ ಫೆಬ್ರವರಿಯಲ್ಲಿ ನಿಂತೇ ಹೋಯಿತು.

ರಿಲಯನ್ಸ್ ದೊಡ್ಡ ಕಂಪನಿ. ಅದಕ್ಕೆ ಬೇರೆ ವ್ಯವಹಾರಗಳಿದ್ದವು, 2011ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿ ಪಾಲುದಾರನಾಗಿ ಬಂತು. ಅದು ತಡೆದುಕೊಂಡಿತು. ಆದರೆ ಡಿ6ರಲ್ಲಿ ಶೇಕಡಾ 10ರಷ್ಟು ಪಾಲು ಹೊಂದಿದ್ದ ನಿಕೊ ಕಥೆ ನೋಡಿ. ಕ್ಯಾಲ್ಗರಿಯ ಆ ಸಣ್ಣ ಕಂಪನಿಯ ಷೇರು 2010ರ ಸುಮಾರಿಗೆ 100 ಕೆನಡಿಯನ್ ಡಾಲರ್ ಮೀರಿತ್ತು. 2015ರ ಹೊತ್ತಿಗೆ ಒಂದು ಡಾಲರ್‌ಗೂ ಕೆಳಗೆ ಬಿತ್ತು. ಬಂಗಾಳ ಕೊಲ್ಲಿಯ ತಳದ ಬಾವಿಗಳಲ್ಲಿ ನೀರು ಏರಿದಾಗ ಸಾವಿರಾರು ಮೈಲಿ ದೂರದ ಕೆನಡಾದ ಸಾಮಾನ್ಯ ಹೂಡಿಕೆದಾರರ ಉಳಿತಾಯ ಕರಗಿಹೋಯಿತು.

ಅದೇ ಕಡಲಿನಲ್ಲಿ ಇನ್ನೊಂದು ಉದಾಹರಣೆ. 2005ರಲ್ಲಿ ಗುಜರಾತ್ ಸರ್ಕಾರದ ಪೆಟ್ರೋಲಿಯಂ ನಿಗಮ ತನ್ನ ಪ್ರದೇಶದಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲವಿದೆಯೆಂದು ಪ್ರಕಟಿಸಿತು. ಮುಂದೆ ಒಪ್ಪಿಗೆಯಾದ ಯೋಜನೆಯಲ್ಲಿ ಅದು ಸುಮಾರು ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಿತ್ತು. 2017ರಲ್ಲಿ ಆ ಕ್ಷೇತ್ರದ ಶೇಕಡಾ 80ರಷ್ಟು ಪಾಲನ್ನು ಒಎನ್‌ಜಿಸಿ ಕೊಂಡಿತು. ಒಎನ್‌ಜಿಸಿಯ ಷೇರು ಹಿಡಿದ ಸಾಮಾನ್ಯನೂ ಹೀಗೆ ತನಗೆ ತಿಳಿಯದೆಯೇ ಆ ಬಾವಿಗಳ ಪಾಲುದಾರನಾದ.

ಬಾವಿಯ ಒಡೆತನವಿಲ್ಲದೆ ಕೊರೆಯುವ ರಿಗ್ಗುಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳೂ ಇವೆ. ಚೆನ್ನೈಯ ಅಬನ್ ಆಫ್‌ಶೋರ್ ಅಂಥದ್ದು. 2008ರ ಆರಂಭದಲ್ಲಿ ಅದರ ಷೇರು 5,000 ರೂಪಾಯಿ ದಾಟಿತ್ತು. 2010ರ ಮೇ 13ರಂದು ವೆನೆಜುವೆಲಾದ ಅನಿಲ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ಅದರ 'ಅಬನ್ ಪರ್ಲ್' ರಿಗ್ ಮುಳುಗಿತು. ಅದರಲ್ಲಿದ್ದ 95 ಜನರೂ ಬದುಕಿ ಬಂದದ್ದು ದೊಡ್ಡ ಸಮಾಧಾನ. ರಿಗ್ಗುಗಳಿಗಾಗಿ ಮಾಡಿದ ಸಾಲದ ಭಾರ, ಮುಂದೆ ಇಳಿದ ತೈಲ ಬೆಲೆ ಇವೆರಡೂ ಸೇರಿ 2020ರ ಹೊತ್ತಿಗೆ ಆ ಷೇರು ನೂರು ರೂಪಾಯಿಗೂ ಕೆಳಗಿತ್ತು.

ಹಡಗು ಏನು ಹೇಳುತ್ತದೆ?

ಈಗ ಚಾಚಾ ಅವರ ಮೊಬೈಲಿಗೆ ಬರೋಣ. ಹಡಗುಗಳು ಪರಸ್ಪರ ಡಿಕ್ಕಿ ಹೊಡೆಯದಿರಲೆಂದು ಪ್ರತಿ ಹಡಗೂ ತನ್ನ ಹೆಸರು, ಸ್ಥಳ, ವೇಗ, ದಿಕ್ಕುಗಳನ್ನು ರೇಡಿಯೋ ಮೂಲಕ ಸಾರುವ ಯಂತ್ರವೊಂದಿದೆ. ಅಂತಾರಾಷ್ಟ್ರೀಯ ಯಾನ ಮಾಡುವ 300 ಟನ್ ಮತ್ತು ಮೇಲ್ಪಟ್ಟ ಹಡಗುಗಳಿಗೆ ಇದನ್ನು 2002ರಿಂದ 2004ರ ಕೊನೆಯೊಳಗೆ ಹಂತಹಂತವಾಗಿ ಕಡ್ಡಾಯ ಮಾಡಲಾಯಿತು. ಸುರಕ್ಷತೆಗೆ ಬಂದ ಯಂತ್ರ ಹೂಡಿಕೆದಾರರ ದುರ್ಬೀನಾಯಿತು. ಲಾಯ್ಡ್ ಕಾಫಿ ಅಂಗಡಿಯ ಸುದ್ದಿ ಇಂದು ಸಿದ್ದಾಪುರದ, ವಿರಾಜಪೇಟೆಯ ಯುವಕನ ಜೇಬಿನಲ್ಲಿದೆ.

ಆದರೆ ಆ ಯಂತ್ರ ಹೇಳುವುದು ಹಡಗು ಎಲ್ಲಿದೆ ಎಂಬುದನ್ನು ಮಾತ್ರ. ಬಾವಿಯಲ್ಲಿ ಅನಿಲ ಎಷ್ಟಿದೆ, ಅದರೊಡನೆ ನೀರು ಎಷ್ಟು ಬರುತ್ತದೆ, ಮಾರುವ ಬೆಲೆ ಏನು, ಕೊಳವೆ ಸಿದ್ಧವಿದೆಯೇ, ಕಂಪನಿಯ ಸಾಲ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಒಎನ್‌ಜಿಸಿಯ ಕೃಷ್ಣಾ–ಗೋದಾವರಿ 98/2 ಯೋಜನೆಗೆ ಬೇಕಾದ 'ಅರ್ಮಡಾ ಸ್ಟರ್ಲಿಂಗ್ 5' ಎಂಬ ತೇಲುವ ಉತ್ಪಾದನಾ ಹಡಗು 2023ರ ಆರಂಭದಲ್ಲೇ ಕಾಕಿನಾಡದ ಕಡಲಿಗೆ ಬಂತು. ಆದರೆ ಮೊದಲ ತೈಲ ಹೊರಬಂದದ್ದು ಒಂದು ವರ್ಷದ ನಂತರ, 2024ರ ಜನವರಿಯಲ್ಲಿ. ಹಡಗನ್ನು ನೋಡಿ ತಿಂಗಳು ಎಣಿಸಿದವನ ಲೆಕ್ಕ ತಪ್ಪಿತು. ಹಡಗು ಸುಳ್ಳು ಹೇಳಲಿಲ್ಲ. ನಾವೇ ಅದು ಹೇಳದ ಮಾತನ್ನು ಕೇಳಿಸಿಕೊಂಡೆವು.

ನಮ್ಮ ಬಾಗಿಲಿಗೆ ಬಂದ ಅನಿಲ

ಇನ್ನು ನಮಗೆ ಹತ್ತಿರದ ಉದಾಹರಣೆ. ಕತಾರಿನ ಕಡಲಲ್ಲಿ 1971ರಲ್ಲಿ ಸಿಕ್ಕ ನಾರ್ತ್ ಫೀಲ್ಡ್ ಜಗತ್ತಿನ ಅತಿ ದೊಡ್ಡ ಅನಿಲ ಕ್ಷೇತ್ರದ ಭಾಗ. ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಅದು ದ್ರವವಾಗಿ, ಗಾತ್ರ ಆರುನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಹಡಗಿನಲ್ಲಿ ಸಾಗಿಸಬಹುದು. 1999ರ ಒಪ್ಪಂದದಂತೆ ಪೆಟ್ರೋನೆಟ್ ವರ್ಷಕ್ಕೆ 75 ಲಕ್ಷ ಟನ್ ಕತಾರ್ ಅನಿಲ ಪಡೆಯತೊಡಗಿತು. 2004ರ ಜನವರಿಯಲ್ಲಿ 'ದಿಶಾ' ಹಡಗು ಮೊದಲ ಸರಕನ್ನು ಗುಜರಾತಿನ ದಹೇಜ್‌ಗೆ ತಂದಿತು. 2024ರ ಫೆಬ್ರವರಿಯಲ್ಲಿ ಈ ಒಪ್ಪಂದವನ್ನು 2048ರವರೆಗೆ ಮುಂದುವರಿಸಲಾಯಿತು.

ಇದೇ ಕಂಪನಿ 2013ರಲ್ಲಿ ಕೊಚ್ಚಿಯಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಟರ್ಮಿನಲ್ ತೆರೆಯಿತು. ಬಂದರು ಸಿದ್ಧ, ಹಡಗು ಸಿದ್ಧ. ಆದರೆ ಅನಿಲ ಒಯ್ಯುವ ಕೊಳವೆ ಇರಲಿಲ್ಲ. ಜಮೀನಿನ ತಕರಾರು, ಜನರ ಭಯ, ನದಿ ದಾಟಿಸುವ ಕಷ್ಟಗಳಿಂದ ಕೆಲಸ ವರ್ಷಗಟ್ಟಲೆ ತಡವಾಯಿತು. ಟರ್ಮಿನಲ್ ಬಹುಕಾಲ ಹೆಚ್ಚುಕಡಿಮೆ ಖಾಲಿಯೇ ಇತ್ತು. ಕಾಸರಗೋಡು ಹಾದು ಮಂಗಳೂರಿಗೆ ಬರುವ 450 ಕಿಲೋಮೀಟರ್ ಕೊಳವೆ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಅದಕ್ಕೆ ತುಸು ಮೊದಲು ಮಂಗಳೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ನ್ಯಾಫ್ತಾ ಬಿಟ್ಟು ಅನಿಲಕ್ಕೆ ಬದಲಾಗಿತ್ತು. ನಮ್ಮ ತೋಟದ ಕಾಫಿ ಗಿಡದ ಬುಡಕ್ಕೆ ಬೀಳುವ ಯೂರಿಯಾ ಕಾಳಿನ ಹಿಂದೆ ಯಾವುದೋ ಸಮುದ್ರದಡಿಯ ಬಾವಿ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಪೆಟ್ರೋನೆಟ್ ಷೇರನ್ನು 15 ರೂಪಾಯಿಗೆ ಕೊಂಡು ಸುಮ್ಮನೆ ಇಟ್ಟುಕೊಂಡವರು ಚೆನ್ನಾಗಿ ಗಳಿಸಿದರು. ಅವರು ಗೆದ್ದದ್ದು ದಿಶಾ ಹಡಗನ್ನು ದಿನವೂ ನೋಡಿದ್ದರಿಂದಲ್ಲ. ಇಷ್ಟು ಅನಿಲ, ಇಷ್ಟು ವರ್ಷ ಎಂಬ ಲಿಖಿತ ಒಪ್ಪಂದ ಆ ಹಡಗಿನ ಹಿಂದೆ ಇತ್ತು, ತಾಳ್ಮೆ ಅವರಲ್ಲಿತ್ತು.

ನಾವು ಕಲಿಯಬೇಕಾದದ್ದು

ಹೂಡಿಕೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. 2020ರ ಡಿಸೆಂಬರ್‌ನಿಂದ 2023ರೊಳಗೆ ಅದೇ ಡಿ6 ಪ್ರದೇಶದಲ್ಲಿ ಮೂರು ಹೊಸ ಕ್ಷೇತ್ರಗಳು ಅನಿಲ ಕೊಟ್ಟಿವೆ. ಸೋತ ಕಡಲು ಮತ್ತೆ ಫಲ ಕೊಟ್ಟದ್ದೂ ಚರಿತ್ರೆಯೇ. ಆದರೆ ನಮ್ಮ ಮನೆಗಳ ಹಣ ಮಳೆಯಲ್ಲಿ ನೆನೆದು, ಮರಳುಗಾಡಿನ ಬಿಸಿಲಲ್ಲಿ ಬೆಂದು ಬಂದ ಹಣ. ಅದನ್ನು ಒಂದು ಚಿತ್ರ ನೋಡಿ ಕೊಟ್ಟುಬಿಡಬಾರದು. ಕಂಪನಿಯ ವಾರ್ಷಿಕ ವರದಿ ಎಲ್ಲರಿಗೂ ಸಿಗುತ್ತದೆ. ದೇಶದ ಅನಿಲ ಉತ್ಪಾದನೆಯ ತಿಂಗಳ ಅಂಕಿಗಳನ್ನು ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಅಂಗಸಂಸ್ಥೆ ಪ್ರಕಟಿಸುತ್ತದೆ. ಓದುವವರು ಬೇಕು. ಓದಲು ಭಾಷೆ ಬೇಕು, ಗಣಿತ ಬೇಕು, ಭೂಗೋಳ ಬೇಕು. ಶೇಕಡಾ ಲೆಕ್ಕ ಪರೀಕ್ಷೆಗೆ ಮಾತ್ರವೆಂದು ನನ್ನ ತರಗತಿಯ ಮಕ್ಕಳು ತಿಳಿದಿದ್ದಾರೆ. ಅಲ್ಲ, ಅದು ನಾಳೆ ಅವರ ಉಮ್ಮಾನ ಒಡವೆಯನ್ನು ಕಾಯುವ ಲೆಕ್ಕ.

ಮೊನ್ನೆ ಚಾಚಾ ಮತ್ತೆ ಬಂದಿದ್ದರು. ಮೊಬೈಲಿನ ಹಡಗನ್ನು ತೋರಿಸಲಿಲ್ಲ. ಒಂದು ಕಂಪನಿಯ ವರದಿಯ ಹಾಳೆಗಳನ್ನು ಮಗಳಿಂದ ಮುದ್ರಿಸಿಕೊಂಡು ತಂದಿದ್ದರು. ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. "ಬೇಟಾ, ಈ ಸಾಲದ ಮೊತ್ತ ಕಳೆದ ವರ್ಷ ಎಷ್ಟಿತ್ತು, ನೋಡಿ ಹೇಳು" ಎಂದರು. ನಾವಿಬ್ಬರೂ ಕುಳಿತು ಓದಿದೆವು.