ಕಟ್ಟಡ ನಿಯಂತ್ರಕದ ಸೀರಿಯಲ್ ಸಂಪರ್ಕ

ಎ.ಸಿ., ಪಂಪು, ಜನರೇಟರ್, ವಿದ್ಯುತ್ ಮೀಟರುಗಳನ್ನು ಕಟ್ಟಡದ ಕಂಟ್ರೋಲರಿಗೆ ಜೋಡಿಸುವ ತಂತಿಜಾಲ. ಬಹುತೇಕ ಕಡೆ ಇದು 1983ರಲ್ಲಿ ಮಾನಕವಾದ ಆರ್‌ಎಸ್-485 ಪದ್ಧತಿಯದು. ಇದರ ಮೇಲೆ ಹೆಚ್ಚಾಗಿ ಬಳಕೆಯಾಗುವ ಪ್ರೋಟೊಕಾಲ್‌ಗಳು ಎರಡು: ಮಾಡಿಕಾನ್ ಕಂಪನಿ 1979ರಲ್ಲಿ ಹೊರತಂದ ಮಾಡ್‌ಬಸ್, ಮತ್ತು 1995ರಲ್ಲಿ ಮಾನಕವಾದ ಬ್ಯಾಕ್‌ನೆಟ್‌ನ ಎಂಎಸ್/ಟಿಪಿ ರೂಪ.

ಸಂದೇಶ ಸಾಗುವುದು ಹೆಣೆದ ಜೋಡಿ ತಂತಿಯಲ್ಲಿ. ಎರಡು ತಂತಿಗಳ ನಡುವೆ 200 ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಸಾಧನ ಅದನ್ನು ಗುರುತಿಸುತ್ತದೆ. ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬೀಳುವುದರಿಂದ ಆ ವ್ಯತ್ಯಾಸ ಕೆಡುವುದಿಲ್ಲ. ತಂತಿ ಒಂದು ಸಾಧನದಿಂದ ಇನ್ನೊಂದಕ್ಕೆ ಸಾಲಾಗಿ ಹೋಗಬೇಕು, ನಡುವೆ ಉದ್ದನೆಯ ಕವಲು ಒಡೆಯಬಾರದು. ಕಡಿಮೆ ವೇಗದಲ್ಲಿ ಸಂದೇಶ ಸುಮಾರು 1200 ಮೀಟರ್ ದೂರ ಸಾಗುತ್ತದೆ. ಸಾಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೇಕು, ನಡುವಿನ ಸಾಧನಗಳಿಗೆ ಬೇಡ. ವಿದ್ಯುತ್ ಆರಿಸಿ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಖಾಲಿ. 40ರ ಹತ್ತಿರ ಬಂದರೆ ಯಾರೋ ನಡುವೆ ಮೂರನೆಯದನ್ನು ಸೇರಿಸಿದ್ದಾರೆ. ಸಾಫ್ಟ್‌ವೇರ್ ತೆರೆಯುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ತಂತಿ ಜೋಡಿಸುವ ಕಡೆ ಬರೆದಿರುವ ಎ, ಬಿ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಪ್ಲಸ್, ಮೈನಸ್ ಗುರುತನ್ನು ನೋಡಿ ಜೋಡಿಸುವುದು ಕ್ಷೇಮ.

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಹವೆಯದೇ ಸವಾಲು. ಕಾಳಿ ಕಣಿವೆಯ ಜೋಯಿಡಾ, ದಾಂಡೇಲಿ ಕಡೆ ತಿಂಗಳುಗಟ್ಟಲೆ ಮಳೆ, ತೇವಕ್ಕೆ ಟರ್ಮಿನಲ್ಲುಗಳು ಕಿಲುಬು ಹಿಡಿಯುತ್ತವೆ. ಬಯಲಿಗೆ ಹತ್ತಿರದ ಹಳಿಯಾಳ, ಮುಂಡಗೋಡಗಳಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು. ಕಾಡಿನಂಚಿನ ರೆಸಾರ್ಟುಗಳಲ್ಲಿ ಕೋಣೆಗಳು ದೂರ ದೂರ. ಮುಂಡಗೋಡದ ಟಿಬೆಟನ್ ವಸತಿಯ ಮಠಗಳಲ್ಲೂ ಕಟ್ಟಡಗಳು ಹಲವು. ಪ್ರತಿ ಕಟ್ಟಡದ ಅರ್ಥಿಂಗ್ ಮಟ್ಟ ಒಂದೇ ಇರುವುದಿಲ್ಲ. ಆರ್‌ಎಸ್-485 ಈ ವ್ಯತ್ಯಾಸವನ್ನು ತಡೆದುಕೊಳ್ಳುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ಹತ್ತಿರ ಸಿಡಿಲು ಬಡಿದರೆ ಆ ಮಿತಿ ಕ್ಷಣದಲ್ಲಿ ಮೀರುತ್ತದೆ. ಆದ್ದರಿಂದ ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯುವುದೇ ಸರಿ. ತಾಮ್ರವೇ ಅನಿವಾರ್ಯವಾದರೆ ಐಸೊಲೇಟರ್, ಸರ್ಜ್ ಅರೆಸ್ಟರ್ ಎರಡೂ ಇರಲಿ. ಕೇಬಲ್ಲಿನ ಶೀಲ್ಡನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಭೂಮಿಗೆ ಸೇರಿಸುತ್ತಾರೆ.

ಸೆಟ್ಟಿಂಗ್ ಆಮೇಲಿನ ಕೆಲಸ. ಸಾಲಿನ ಎಲ್ಲ ಸಾಧನಗಳ ಬಾಡ್ ರೇಟ್ ಒಂದೇ ಆಗಿರಬೇಕು: 9600, 19200, 38400 ಹೀಗೆ. ಮಾಡ್‌ಬಸ್‌ನಲ್ಲಿ ಪ್ಯಾರಿಟಿಯೂ ತಾಳೆಯಾಗಬೇಕು. ವಿಳಾಸ 1ರಿಂದ 247. ಎಂಎಸ್/ಟಿಪಿಯಲ್ಲಿ ಮಾಸ್ಟರ್ ವಿಳಾಸ 0ಯಿಂದ 127. ಅಲ್ಲಿ ಟೋಕನ್, ಅಂದರೆ ಮಾತಾಡುವ ಸರದಿಯ ಹಕ್ಕು, ಸಾಧನದಿಂದ ಸಾಧನಕ್ಕೆ ಸರದಿಯಂತೆ ಕೈಬದಲಾಗುತ್ತದೆ. ಟೋಕನ್ ಯಾವ ವಿಳಾಸದವರೆಗೆ ಹೋಗಬೇಕೆಂದು ಹೇಳುವ ಮ್ಯಾಕ್ಸ್ ಮಾಸ್ಟರ್ ಮೌಲ್ಯವನ್ನು ಒಂದು ಸಾಧನದ ವಿಳಾಸಕ್ಕಿಂತ ಕಡಿಮೆ ಇಟ್ಟರೆ, ಆ ಸಾಧನಕ್ಕೆ ಟೋಕನ್ ತಲುಪದೇ ಹೋಗಬಹುದು. ಎರಡು ಸಾಧನಗಳಿಗೆ ಒಂದೇ ವಿಳಾಸ ಬಿದ್ದರೆ ಉತ್ತರಗಳು ಬೆರೆತು ಕೆಡುತ್ತವೆ. ಇದನ್ನು ಪತ್ತೆಹಚ್ಚಲು ಸಾಧನಗಳನ್ನು ಬಿಡಿಸಿ, ಒಂದೊಂದಾಗಿ ಮತ್ತೆ ಜೋಡಿಸುತ್ತಾ ನೋಡಬೇಕು.