ರೋಗಿಗಳ ಮೈ ಹೊತ್ತ ದೇವರು

ಆಫೀಸ್ ಕೆಲಸಕ್ಕೆ ಬಾಸೆಲ್‌ಗೆ ಹೋಗಿದ್ದೆ. ಶನಿವಾರ ಹೋಟೆಲಲ್ಲಿ ಕೂತು ಏನ್ಮಾಡೋದು ಅಂತ ರೈಲು ಹತ್ತಿ, ಗಡಿ ದಾಟಿ ಫ್ರಾನ್ಸಿನ ಕೋಲ್ಮಾರ್‌ಗೆ ಹೋದೆ. ಅಲ್ಲಿನ ಉಂಟರ್‌ಲಿಂಡನ್ ಮ್ಯೂಸಿಯಂನಲ್ಲಿ ಇಸೆನ್‌ಹೈಮ್ ಆಲ್ಟರ್‌ಪೀಸ್ ಇದೆ. ಬಲಿಪೀಠದ ಹಿಂದೆ ನಿಲ್ಲಿಸುವ, ಬಾಗಿಲಿನ ಹಾಗೆ ತೆರೆದು ಮುಚ್ಚುವ ಮರದ ಫಲಕಗಳು. 1512ರಿಂದ 1516ರ ನಡುವೆ ಗ್ರೂನೆವಾಲ್ಡ್ ಬರೆದ ಚಿತ್ರಗಳು ಅದರಲ್ಲಿವೆ.

ಶಿಲುಬೆಯ ಮೇಲಿನ ಯೇಸುವನ್ನು ನೋಡಿ ಬೆಚ್ಚಿಬಿದ್ದೆ. ಹಸಿರುಗಟ್ಟಿದ ಚರ್ಮ, ಮೈತುಂಬ ಗಾಯ, ಸೆಟೆದುಕೊಂಡ ಬೆರಳು. ದೇವರನ್ನ ಯಾರಾದ್ರೂ ಹೀಗೆ ಬರೀತಾರಾ?

ಬರೆದದ್ದು ರೋಗಿಗಳಿಗಾಗಿ. ಈಜಿಪ್ಟಿನ ತಪಸ್ವಿ ಸಂತ ಅಂತೋಣಿಯ ಹೆಸರಿನ ಸನ್ಯಾಸಿಗಳು ಇಸೆನ್‌ಹೈಮ್‌ನಲ್ಲಿ ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರದು 'ಸಂತ ಅಂತೋಣಿಯ ಬೆಂಕಿ' ಎಂಬ ಕಾಯಿಲೆ. ಮೈ ಉರಿದು, ಕೈಕಾಲು ಕಪ್ಪಾಗಿ ಕೊಳೆತು ಬೀಳುತ್ತಿತ್ತು. ಬಡವರು ತಿನ್ನುತ್ತಿದ್ದ ರೈ ಧಾನ್ಯದ ತೆನೆಗೆ ಹಿಡಿಯುವ ಅರ್ಗಟ್ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣ. ಅದು ಗೊತ್ತಾಗೋಕೆ 17ನೇ ಶತಮಾನ ಬರಬೇಕಾಯ್ತು. ಸನ್ಯಾಸಿಗಳು ಒಳ್ಳೆ ರೊಟ್ಟಿ ಕೊಡುತ್ತಿದ್ದರು, ಮುಲಾಮು ಹಚ್ಚುತ್ತಿದ್ದರು, ಕೊಳೆತ ಅಂಗ ಕತ್ತರಿಸುತ್ತಿದ್ದರು.

ಈಗ ಫಲಕ ನೋಡಿ. ಬಾಗಿಲು ತೆರೆದರೆ ಯೇಸುವಿನ ಒಂದು ತೋಳು ಮೈಯಿಂದ ಬೇರೆಯಾಗುತ್ತೆ. ಕೆಳಗಿನ ಫಲಕ ಸರಿಸಿದರೆ ಕಾಲು ಬೇರೆಯಾಗುತ್ತೆ. ಕೈಯೋ ಕಾಲೋ ಕಳಕೊಂಡವನು ಎದುರು ನಿಂತು ಇದನ್ನ ನೋಡಿದಾಗ ಏನನ್ನಿಸಿರಬೇಕು!

ನನಗೆ ಚಿಕ್ಕಜ್ಜ ನೆನಪಾದರು, ಅಜ್ಜನ ತಮ್ಮ. ಕುಷ್ಠ ಬಂದು ಬೆರಳು ಹೋಗಿದ್ದವು. ಜಾತ್ರೆ ದಿನ ತೇರಿನ ಹತ್ತಿರ ಬರುತ್ತಿರಲಿಲ್ಲ, ದೂರದ ಹುಣಸೆಮರದ ಕೆಳಗೆ ನಿಂತು ಕೈ ಮುಗಿಯುತ್ತಿದ್ದರು. ಬರಬೇಡಿ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಬನ್ನಿ ಅಂದದ್ದನ್ನೂ ಕೇಳಿಲ್ಲ.

ಎಲ್ಲ ಬಾಗಿಲು ತೆರೆದರೆ ಒಳಗೆ ನಟ್ಟನಡುವೆ ಚಿತ್ರವಿಲ್ಲ, ಕೆತ್ತನೆಯಿದೆ. ಗ್ರೂನೆವಾಲ್ಡ್‌ಗಿಂತ ಮೊದಲೇ ಹಗೆನೌ ಊರಿನ ನಿಕ್ಲಾಸ್ ಕೆತ್ತಿ, ಬಣ್ಣ ಬಳಿದ ಮರದ ಮೂರ್ತಿಗಳು. ಸಂತ ಅಂತೋಣಿ ನಡುವೆ ಸಿಂಹಾಸನದಲ್ಲಿ ಕೂತಿದ್ದಾನೆ. ಅವನ ಅಕ್ಕಪಕ್ಕ ಕಾಣಿಕೆ ತಂದ ಇಬ್ಬರು ಪುಟ್ಟ ಮನುಷ್ಯರು. ಒಬ್ಬನ ಹತ್ತಿರ ಹುಂಜ, ಇನ್ನೊಬ್ಬನ ಹತ್ತಿರ ಹಂದಿಮರಿ. ನಮ್ಮೂರ ಜಾತ್ರೆಗೆ ಹುಂಜ ಹಿಡಕೊಂಡು ಬರೋರ ಥರವೇ. ಅವರನ್ನ ಹೊರಗೆ ನಿಲ್ಲಿಸಿಲ್ಲ, ಸಂತನ ಪಾದದ ಹತ್ತಿರವೇ ನಿಲ್ಲಿಸಿದ್ದಾರೆ.

ಅಲ್ಲೇ ತುಂಬ ಹೊತ್ತು ನಿಂತಿದ್ದೆ. ಆ ಇಬ್ಬರ ಪಕ್ಕ ಇನ್ನೊಬ್ಬರಿಗೆ ಜಾಗ ಇದೆಯಾ ಅಂತ ನೋಡ್ತಾ.