ಗಂಜಾಂನ ಗುಂಬಜ್: ಒಂದು ಗೋರಿ, ಒಂದು ತೋಟ, ಒಂದು ಕಷ್ಟದ ನೆನಪು



ಗೋರಿ ಕಟ್ಟಡ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಆಗ್ರಾದ ತಾಜ್ ಮಹಲ್. ಆದರೆ ಅಂಥದೇ ಪರಂಪರೆಗೆ ಸೇರಿದ ಒಂದು ಗೋರಿ ನಮ್ಮ ತಾಳವಾಡಿಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರದಲ್ಲಿದೆ. ಚಾಮರಾಜನಗರ, ಮೈಸೂರು ದಾಟಿದರೆ ಶ್ರೀರಂಗಪಟ್ಟಣ. ಅಲ್ಲಿ ಕೋಟೆಯ ಪೂರ್ವಕ್ಕೆ, ಗಂಜಾಂನ ಆಚೆ ಇರುವ ಗುಂಬಜ್. ಹೈದರ್ ಅಲಿ, ಅವನ ಪತ್ನಿ ಫಕ್ರುನ್ನಿಸಾ, ಮಗ ಟಿಪ್ಪು ಸುಲ್ತಾನ್ ಮೂವರೂ ಅಲ್ಲಿ ಮಲಗಿದ್ದಾರೆ.

"ಅಲ್ಲಿಗೆ ನಾವೇಕೆ ಹೋಗಬೇಕು?" ಎಂಬ ಪ್ರಶ್ನೆ ಕ್ರೈಸ್ತ ಮನೆಗಳಲ್ಲಿ ಏಳುವುದುಂಟು. ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವ ಮೊದಲು ಕಟ್ಟಡವನ್ನು ಒಮ್ಮೆ ಕಣ್ತುಂಬ ನೋಡೋಣ.

ಹೈದರ್ ಅಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಯುದ್ಧ ಶಿಬಿರದಲ್ಲಿ. ದೇಹವನ್ನು ಮೊದಲು ಕೋಲಾರಕ್ಕೆ, ಆಮೇಲೆ ಶ್ರೀರಂಗಪಟ್ಟಣಕ್ಕೆ ತಂದರು. ತಂದೆಗಾಗಿ ಟಿಪ್ಪು ಕಟ್ಟಿಸಿದ ಈ ಗೋರಿ 1784ರ ಹೊತ್ತಿಗೆ ಮುಗಿಯಿತು.

ಹೆಬ್ಬಾಗಿಲು ದಾಟಿದರೆ ಉದ್ದನೆಯ ದಾರಿ, ಎರಡೂ ಬದಿಗೆ ಮೊನಚಾಗಿ ನಿಂತ ಸೈಪ್ರೆಸ್ ಮರಗಳು. ದಾರಿಯ ಕೊನೆಯಲ್ಲಿ ಎತ್ತರದ ಚೌಕ ಜಗಲಿ, ಅದರ ಮೇಲೆ ಬಿಳಿಯ ಕಟ್ಟಡ. ಸುತ್ತಲಿನ ಪಡಸಾಲೆಯನ್ನು ಹೊತ್ತಿರುವುದು ನುಣುಪಾಗಿ ಹೊಳೆಯುವ 36 ಕಪ್ಪು ಕಲ್ಲಿನ ಕಂಬಗಳು. ನಡುವೆ ಚೌಕಾಕಾರದ ಕೋಣೆ, ಅದರ ಮೇಲೆ ಗುಮ್ಮಟ. ಕಿಟಕಿಗಳಿಗೆ ಕಲ್ಲಿನ ಜಾಲಂಧ್ರ. ಬಿಸಿಲು ಅದರೊಳಗಿಂದ ಸೋಸಿ ಬರುತ್ತದೆ. ಒಳಗಿನ ಗೋಡೆಗಳ ಮೇಲೆ ಹುಲಿಯ ಮೈಪಟ್ಟೆಯ ಚಿತ್ತಾರ. ಹುಲಿ ಟಿಪ್ಪುವಿನ ಗುರುತಾಗಿತ್ತು. ಅವನ ಸೈನಿಕರ ಬಟ್ಟೆ, ಫಿರಂಗಿ, ಸಿಂಹಾಸನ ಎಲ್ಲದರಲ್ಲೂ ಅದು ಇತ್ತು. ಮೂರು ಗೋರಿಗಳಲ್ಲಿ ನಡುವಿನದು ಹೈದರನದು. ಒಂದು ಪಕ್ಕದಲ್ಲಿ ತಾಯಿ, ಇನ್ನೊಂದು ಪಕ್ಕದಲ್ಲಿ ಮಗ. ಹೊರಗೆ ಪಡಸಾಲೆಯಲ್ಲಿ, ಜಗಲಿಯ ಮೇಲೆ ಬಂಧುಗಳ ಸಮಾಧಿಗಳಿವೆ. ಪಕ್ಕದಲ್ಲಿ ಒಂದು ಮಸೀದಿಯೂ ಇದೆ.

ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರುವುದಾದರೂ ಹೇಗೆ? ಗುಮ್ಮಟ ಕಟ್ಟುವವರೆಲ್ಲ ಬಿಡಿಸಬೇಕಾದ ಒಗಟು ಇದು. ಒಂದು ಉಪಾಯವೆಂದರೆ ನಾಲ್ಕು ಮೂಲೆಗಳಿಗೂ ಅಡ್ಡ ಕಮಾನು ಕಟ್ಟುವುದು. ಆಗ ನಾಲ್ಕು ಮೂಲೆಯ ಕೋಣೆ ಮೇಲ್ಗಡೆ ಎಂಟು ಮೂಲೆಯದಾಗುತ್ತದೆ. ಎಂಟು ಮೂಲೆ ವೃತ್ತಕ್ಕೆ ಹತ್ತಿರ. ಅದರ ಮೇಲೆ ಗುಮ್ಮಟ ಕೂರುತ್ತದೆ. ಇಸ್ತಾಂಬುಲಿನಲ್ಲಿ 537ರಲ್ಲಿ ಮುಗಿದ ಹಾಗಿಯಾ ಸೋಫಿಯಾ ದೇವಾಲಯದ ಕ್ರೈಸ್ತ ಶಿಲ್ಪಿಗಳು ಇದೇ ಒಗಟನ್ನು ಮೂಲೆಗಳಲ್ಲಿ ಬಾಗಿದ ತ್ರಿಕೋನಗಳನ್ನು ಕಟ್ಟಿ ಬಿಡಿಸಿದರು. ವಿಜಯಪುರದ ಗೋಲಗುಮ್ಮಟದಲ್ಲಿ ಕಮಾನುಗಳು ಒಂದನ್ನೊಂದು ಹೆಣೆದುಕೊಂಡು ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ಹೊತ್ತಿವೆ. ಕಲ್ಲು ಗಾರೆಯ ವಿದ್ಯೆ ಒಂದು ಮತದ ಸೊತ್ತಲ್ಲ. ಕೈಯಿಂದ ಕೈಗೆ, ನಾಡಿನಿಂದ ನಾಡಿಗೆ ಅದು ನಡೆದು ಬಂದಿದೆ.

ಹಾಗಾದರೆ ಗುಂಬಜ್ ಮೊಘಲ್ ಕಟ್ಟಡವೇ? ಪೂರ್ತಿಯಾಗಿ ಅಲ್ಲ. ಹದಿನಾರನೆಯ ಶತಮಾನದಲ್ಲಿ ದೆಹಲಿಯ ಹುಮಾಯೂನ್ ಗೋರಿ, ಮುಂದೆ ತಾಜ್ ಮಹಲ್ ಒಂದು ಮಾದರಿ ಹಾಕಿಕೊಟ್ಟವು: ಗೋಡೆಯೊಳಗಿನ ತೋಟ, ನೇರ ದಾರಿ, ಎತ್ತರದ ಜಗಲಿ, ಮೇಲೆ ಗುಮ್ಮಟ. 1687ರಲ್ಲಿ ಮೊಘಲರು ಶಿರಾದಲ್ಲಿ ತಮ್ಮ ಪ್ರಾಂತ್ಯದ ಆಡಳಿತ ಹೂಡಿದಾಗ ಅವರ ಪದ್ಧತಿಗಳು ಕನ್ನಡ ನಾಡಿಗೆ ಇನ್ನೂ ಹತ್ತಿರ ಬಂದವು. ಆದರೆ ಗುಂಬಜಿನ ಗುಮ್ಮಟ, ಕಟ್ಟಡದ ಸುತ್ತ ಸಾಲುಗಟ್ಟಿದ ಸಣ್ಣ ಮಿನಾರುಗಳು ವಿಜಯಪುರ, ಗೋಲ್ಕೊಂಡದ ದಖ್ಖನಿ ಗೋರಿಗಳಿಗೆ ಹೆಚ್ಚು ಹತ್ತಿರ. ಕಲ್ಲು ಮಾತ್ರ ನಮ್ಮ ಮೈಸೂರು ಸೀಮೆಯದು.

ಆ ತೋಟದ ವಿಷಯದಲ್ಲಿ ನಾವು ಗಮನಿಸಬೇಕಾದ ಒಂದು ಮಾತಿದೆ. ಗೋರಿಯನ್ನು ತೋಟದ ನಡುವೆ ಏಕೆ ಕಟ್ಟುತ್ತಿದ್ದರು? ಅದು ಸ್ವರ್ಗದ ಚಿತ್ರ. ಹಳೆಯ ಪಾರಸಿ ಭಾಷೆಯಲ್ಲಿ ಗೋಡೆ ಕಟ್ಟಿದ ತೋಟಕ್ಕಿದ್ದ ಹೆಸರೇ ಗ್ರೀಕ್ ಭಾಷೆಗೆ ಹೋಗಿ, ಅಲ್ಲಿಂದ ಬೈಬಲಿಗೆ ಬಂತು. ನಮ್ಮ ಅಜ್ಜಿ ತಾತಂದಿರು ಓದಿದ ಹಳೆಯ ಕನ್ನಡ ಬೈಬಲಿನ 'ಪರದೈಸು' ಆ ಪದವೇ. ಶಿಲುಬೆಯ ಮೇಲಿದ್ದ ಯೇಸುಸ್ವಾಮಿ ಪಕ್ಕದ ಕಳ್ಳನಿಗೆ ಮಾತು ಕೊಟ್ಟದ್ದು ಪರದೈಸಿನ ಬಗ್ಗೆ. ಅವರನ್ನು ಸಮಾಧಿ ಮಾಡಿದ್ದೂ ಒಂದು ತೋಟದಲ್ಲೇ ಎಂದು ಯೊವಾನ್ನರ ಶುಭಸಂದೇಶ ಹೇಳುತ್ತದೆ. ಮಣ್ಣಿಗೆ ಹೋದವರನ್ನು ಹಸಿರಿನ ನಡುವೆ ಇಡಬೇಕೆಂಬ ಆಸೆ ಅವರಿಗೂ ನಮಗೂ ಒಂದೇ.

ಈಗ ಕಷ್ಟದ ಮಾತಿಗೆ ಬರೋಣ. ಗುಂಬಜ್ ಮುಗಿದ 1784ರಲ್ಲೇ, ತಪಸ್ಸುಕಾಲ ತೊಡಗುವ ಹೊತ್ತಿಗೆ, ಕರಾವಳಿಯ ಮಂಗಳೂರು ಸೀಮೆಯ ಕಥೋಲಿಕ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಸೆರೆಹಿಡಿಯಲಾಯಿತು. ಅವರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಎಷ್ಟು ಜನ ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು, ಆದರೆ ಎಲ್ಲ ಲೆಕ್ಕಗಳೂ ಹತ್ತಾರು ಸಾವಿರದವು. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿ ಸತ್ತವರೆಷ್ಟೋ. ಇಗರ್ಜಿಗಳು ನೆಲಸಮವಾದವು, ಬಲವಂತದ ಮತಾಂತರ ನಡೆಯಿತು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ತಂದೆಗೆ ಅಷ್ಟು ಚೆಂದದ ಗೋರಿ ಕಟ್ಟಿದ ಮಗನ ರಾಜ್ಯದಲ್ಲೇ ಆ ಸೆರೆಯಾಳುಗಳಲ್ಲಿ ಅನೇಕರು ಹೆಸರಿಲ್ಲದ ಮಣ್ಣಿಗೆ ಸೇರಿದರು.

ಅದೇ ಟಿಪ್ಪು, 1791ರಲ್ಲಿ ಮರಾಠಾ ಪಡೆಯವರು ಶೃಂಗೇರಿ ಮಠವನ್ನು ದೋಚಿದಾಗ, ಮಠಕ್ಕೆ ನೆರವು ಕಳುಹಿಸಿ ಗುರುಗಳಿಗೆ ಗೌರವದ ಪತ್ರ ಬರೆದ. ಅವನ ಕೋಟೆಯೊಳಗೆ ರಂಗನಾಥಸ್ವಾಮಿ ದೇವಸ್ಥಾನ ಪೂಜೆ ನಡೆಸುತ್ತಲೇ ಇತ್ತು. ಒಂದು ನಿಜ ಹೇಳಿದರೆ ಇನ್ನೊಂದು ನಿಜ ಸುಳ್ಳಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿಯಲು ಕಲಿಯದವನು ಚರಿತ್ರೆ ಓದಿ ಪ್ರಯೋಜನವಿಲ್ಲ.

1799ರ ಮೇ 4ರಂದು ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಸತ್ತ. ಮರುದಿನ ಗೆದ್ದ ಇಂಗ್ಲಿಷರೇ ಸೈನಿಕ ಮರ್ಯಾದೆಯೊಂದಿಗೆ ಅವನನ್ನು ತಂದೆಯ ಪಕ್ಕ ಮಣ್ಣು ಮಾಡಲು ಬಿಟ್ಟರು. ಆ ಸಂಜೆ ಗುಡುಗು ಸಿಡಿಲಿನ ಮಳೆ ಸುರಿಯಿತಂತೆ. ಈಗ ಗೋರಿಗಿರುವ ದಂತದ ಕುಸುರಿಯ ಬಾಗಿಲುಗಳನ್ನು ಕೊಟ್ಟವನೂ ಇಂಗ್ಲಿಷ್ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ. ಶತ್ರುವಿನ ಗೋರಿಗೆ ಬಾಗಿಲು ಮಾಡಿಸಿ ಕೊಟ್ಟ ಕಥೆ ಅದು.

ಆ ಯುದ್ಧಗಳು ನಮ್ಮ ಬೆಟ್ಟಕ್ಕೂ ಹೊರಗಿನವಲ್ಲ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಗಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದಿತು. 1799ರ ನಂತರ ಕೊಯಮತ್ತೂರು ಸೀಮೆ ಮೈಸೂರಿನಿಂದ ಕಳಚಿ ಕಂಪನಿಯ ಪಾಲಾಯಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ತಮಿಳುನಾಡಿನಲ್ಲಿ ಉಳಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂಬ ನಮ್ಮ ಬದುಕಿನ ಹಿಂದೆ ಆ ಪಟ್ಟಣದ ಪತನವೂ ಇದೆ.

ಗುಂಬಜಿಗೆ ಹೋದವರು ಗಂಜಾಂನಲ್ಲೇ ಇರುವ ಅಬ್ಬೆ ದುಬ್ವಾ ದೇವಾಲಯವನ್ನು ನೋಡದೆ ಬರಬೇಡಿ. ಫ್ರಾನ್ಸಿನ ಈ ಗುರು 1799ರ ನಂತರ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು. ಈ ನಾಡಿನವರ ಉಡುಪು ತೊಟ್ಟು, ಮಾಂಸ ಬಿಟ್ಟು, ಜನರ ನಡುವೆ ಬಾಳಿದರು. ಸಿಡುಬಿನ ಲಸಿಕೆ ಹಾಕಿಸಿಕೊಳ್ಳಲು ಹೆದರುತ್ತಿದ್ದ ಊರುಗಳಲ್ಲಿ ಅದನ್ನು ಹರಡಲು ದುಡಿದರು. ಕ್ರೈಸ್ತರು ನೊಂದ ಊರಿನಲ್ಲಿ ಕ್ರೈಸ್ತ ಗುರು ಮಾಡಿದ ಕೆಲಸ ಸೇಡಿನದಲ್ಲ, ಆರೈಕೆಯದು. "ನಾವೇಕೆ ಹೋಗಬೇಕು?" ಎಂಬ ಪ್ರಶ್ನೆಗೆ ಆ ಪುಟ್ಟ ದೇವಾಲಯವೇ ಒಂದು ಉತ್ತರ.

ಕ್ಷಮಿಸುವುದೆಂದರೆ ಮರೆಯುವುದಲ್ಲ. ಆದ ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆದು, ಆ ಸಿಟ್ಟನ್ನು ಇಂದಿನ ನೆರೆಯವರ ಮೇಲೆ ಹಾಕದಿರುವುದು. ಗುಂಬಜಿಗೆ ಇವತ್ತು ಬಂದು ಹೂ ಇಡುವ ಮುಸಲ್ಮಾನ ತಾಯಿ 1784ರ ಆಜ್ಞೆ ಬರೆದವಳಲ್ಲ. ಜಗಲಿಯ ಬಳಿ ಚಪ್ಪಲಿ ಬಿಟ್ಟು, ಸದ್ದು ಮಾಡದೆ ಒಳಗೆ ಹೋಗಿ. ಘಟ್ಟದ ದಾರಿಯಲ್ಲಿ ಅಳಿದವರಿಗಾಗಿ, ಅಲ್ಲಿ ಮಲಗಿರುವವರಿಗಾಗಿ, ಇಬ್ಬರಿಗಾಗಿಯೂ ಒಂದು ಪ್ರಾರ್ಥನೆ ಹೇಳಿ. ನವೆಂಬರ್ 2ರಂದು ನಮ್ಮ ಸಮಾಧಿ ಭೂಮಿಯಲ್ಲಿ ಮೇಣದಬತ್ತಿ ಹಚ್ಚುವಾಗ ನಾವು ಬೇಡುವುದೂ ಅದನ್ನೇ: ತೀರ್ಪು ದೇವರದು, ಕರುಣೆಯೂ ದೇವರದೇ.